ಮೊದಲ ಸಿಂಗಲ್ ಸ್ಟೇಜ್ ಪ್ರೆಸ್: ಬೀಡು ಕಬ್ಬಿಣದ್ದೇ ಬೇಕಾ, ಅಲ್ಯೂಮಿನಿಯಂ ಸಾಕಾ?

ಹೊಸ_ಕೈ:

ಎಲ್ಲರಿಗೂ ನಮಸ್ಕಾರ. ತೋಟಾ ರೀಲೋಡಿಂಗ್, ಅಂದರೆ ಹೊಡೆದ ತೋಟಾದ ಖಾಲಿ ಕೇಸಿಗೆ ಹೊಸ ಪ್ರೈಮರ್ (ಪೌಡರಿಗೆ ಕಿಡಿ ಕೊಡುವ ಪುಟ್ಟ ಟೋಪಿ), ಪೌಡರ್, ಬುಲೆಟ್ ಹಾಕಿ ಮತ್ತೆ ತೋಟಾ ಮಾಡುವುದು, ಶುರು ಮಾಡಬೇಕು ಅಂತಿದ್ದೇನೆ. ಅನುಮತಿಯ ಕೆಲಸವೆಲ್ಲ ಮುಗಿದಿದೆ, ಲೋಡಿಂಗ್ ಮ್ಯಾನ್ಯುಯಲ್ ಎರಡು ಸಲ ಓದಿದ್ದೇನೆ. ಈಗ ಸಿಂಗಲ್ ಸ್ಟೇಜ್ ಪ್ರೆಸ್ (ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುವ ಕೈ ಯಂತ್ರ) ಹತ್ತಿರ ಬಂದು ನಿಂತಿದ್ದೇನೆ.

ನನಗೆ ಬೇಕಿರುವುದು ಮುಖ್ಯವಾಗಿ .308 ವಿಂಚೆಸ್ಟರ್, ಜೊತೆಗೆ .223 ರೆಮಿಂಗ್ಟನ್. ಎರಡೂ ಬೋಲ್ಟ್ ಆಕ್ಷನ್ (ಪ್ರತಿ ಸಲ ಕೈಯಿಂದ ಬೋಲ್ಟ್ ಎಳೆಯುವ) ರೈಫಲ್‌ಗೆ, ಹೊಡೆಯುವುದು ಕಾಗದದ ಗುರಿಗೆ ಮಾತ್ರ. ಮುಂದೆ 9 ಎಂಎಂ ಪಿಸ್ತೂಲ್ ತೋಟಾ ಕೂಡ ಬರಬಹುದು. ಒಂದೇ ಸಲ ರಾಶಿ ತೋಟಾ ಮಾಡುವ ಅವಸರ ಇಲ್ಲ, ಆದರೆ ಮಾಡಿದ್ದು ಒಂದೇ ಸಮ ಇರಬೇಕು.

ಲೀ ಕಂಪನಿಯ ಬ್ರೀಚ್ ಲಾಕ್ ಚಾಲೆಂಜರ್ (ಇದು ಅಲ್ಯೂಮಿನಿಯಂನದ್ದು), ಆರ್‌ಸಿಬಿಎಸ್ ರಾಕ್ ಚಕ್ಕರ್ ಸುಪ್ರೀಂ, ಫಾರ್‌ಸ್ಟರ್ ಕೋ-ಆಕ್ಸ್, ಈ ಮೂರರ ನಡುವೆ ತಲೆ ಕೆಟ್ಟಿದೆ. ಒಬ್ಬರು ಭಾರ ಇದ್ದಷ್ಟೂ ಒಳ್ಳೆಯದು ಅಂತಾರೆ, ಇನ್ನೊಬ್ಬರು ಪ್ರೆಸ್‌ನಿಂದ ನಿಖರತೆಗೆ ಏನೂ ವ್ಯತ್ಯಾಸ ಆಗಲ್ಲ ಅಂತಾರೆ. ಯಾವುದು ನಿಜ? ಆಮೇಲೆ, ನಾನು ಎಡಗೈಯವನು. ಅದೂ ಲೆಕ್ಕಕ್ಕೆ ಬರುತ್ತಾ?

ಬೀಡು_ಬೆಂಚು:

ಸ್ವಾಗತ ಗುರು. ಮ್ಯಾನ್ಯುಯಲ್ ಮೊದಲು ಓದಿ ಪ್ರೆಸ್ ಆಮೇಲೆ ನೋಡ್ತಿದ್ದೀರಲ್ಲ, ಅದೇ ಸರಿಯಾದ ದಾರಿ.

ಪ್ರೆಸ್ ಅಂದರೆ ಏನು ಅಂತ ನೋಡಿದರೆ ಅರ್ಧ ಗೊಂದಲ ಹೋಗುತ್ತೆ. ಮೇಲೆ ಡೈ (ಕೇಸಿಗೆ ಆಕಾರ ಕೊಡುವ ಅಥವಾ ಬುಲೆಟ್ ಕೂರಿಸುವ ಅಚ್ಚು) ಕೂರುತ್ತೆ, ಕೆಳಗೆ ರ‍್ಯಾಮ್ ತಲೆಯಲ್ಲಿ ಶೆಲ್ ಹೋಲ್ಡರ್, ಅದರಲ್ಲಿ ಖಾಲಿ ಕೇಸ್. ಹ್ಯಾಂಡಲ್ ಎಳೆದರೆ ರ‍್ಯಾಮ್ ಅನ್ನುವ ಆ ಕಂಬದ ಜೊತೆ ಕೇಸ್ ಮೇಲೇರಿ ಡೈಯೊಳಗೆ ಹೋಗುತ್ತೆ. ಇಷ್ಟೇ. ಡೈಗಳ ಥ್ರೆಡ್ ಬಹುಪಾಲು 7/8-14, ಅಂದರೆ 7/8 ಇಂಚು ದಪ್ಪ, ಇಂಚಿಗೆ 14 ಸುತ್ತು. ಹಾಗಾಗಿ ಯಾವ ಕಂಪನಿಯ ಪ್ರೆಸ್ ತಗೊಂಡರೂ ಡೈ ವಿಷಯದಲ್ಲಿ ಕಟ್ಟಿಹಾಕಿಕೊಂಡ ಹಾಗೆ ಆಗಲ್ಲ.

ಜೋರು ಬೇಕಾಗುವುದು ಒಂದೇ ಕೆಲಸಕ್ಕೆ, ರೈಫಲ್ ಕೇಸಿನ ಫುಲ್ ಲೆಂಗ್ತ್ ಸೈಜಿಂಗ್, ಅಂದರೆ ಹೊಡೆದಾಗ ಹಿಗ್ಗಿದ ಕೇಸನ್ನು ಪೂರ್ತಿ ಉದ್ದಕ್ಕೂ ಅಮುಕಿ ಮತ್ತೆ ಅಳತೆಗೆ ತರುವುದು. ಬುಲೆಟ್ ಕೂರಿಸುವುದಕ್ಕೆ ಬೆರಳ ಬಲ ಸಾಕು. .308 ಕೇಸ್ ಸೈಜ್ ಮಾಡುವಾಗ ಫ್ರೇಮ್, ಪಿನ್, ಲಿಂಕ್ ಎಲ್ಲ ಸ್ವಲ್ಪ ಹಿಗ್ಗುತ್ತವೆ. ಬೀಡು ಕಬ್ಬಿಣದ್ದೂ ಹಿಗ್ಗುತ್ತೆ, ಕಮ್ಮಿ ಅಷ್ಟೇ. ನೋಡಬೇಕಾ? ಕೇಸ್ ಇಲ್ಲದೆ ರ‍್ಯಾಮ್ ಪೂರ್ತಿ ಮೇಲೆತ್ತಿ, ಡೈಯನ್ನು ಶೆಲ್ ಹೋಲ್ಡರ್‌ಗೆ ತಾಗುವವರೆಗೆ ತಿರುಗಿಸಿ. ಈಗ ಎಣ್ಣೆ ಸವರಿದ ಕೇಸ್ ಹಾಕಿ ಎಳೆಯಿರಿ, ಹ್ಯಾಂಡಲ್ ಕೆಳಗೇ ಹಿಡಿದುಕೊಂಡು ಹಿಂದಿನಿಂದ ಟಾರ್ಚ್ ಬಿಡಿ. ಡೈ ಬಾಯಿಗೂ ಶೆಲ್ ಹೋಲ್ಡರ್‌ಗೂ ಮಧ್ಯೆ ಕೂದಲೆಳೆಯಷ್ಟು ಬೆಳಕು ಕಾಣುತ್ತೆ. ಆ ಗೆರೆ ಎಷ್ಟಿದೆಯೋ ಅಷ್ಟು ಕೇಸಿನ ಭುಜ (ಕುತ್ತಿಗೆಯ ಕೆಳಗಿನ ಇಳಿಜಾರು) ಹಿಂದೆ ಹೋಗಿಲ್ಲ ಅಂತ ಅರ್ಥ. ಅದಕ್ಕೇ ಡೈಯನ್ನು ಇನ್ನೊಂದಿಷ್ಟು ಕೆಳಗೆ ತಿರುಗಿಸುವುದು.

ಬೆಳಕಿನ ಗೆರೆ ಪ್ರತಿ ಕೇಸಿಗೂ ಒಂದೇ ಅಗಲ ಇದ್ದರೆ ತೊಂದರೆ ಇಲ್ಲ. ಒಮ್ಮೆ ಜಾಸ್ತಿ ಒಮ್ಮೆ ಕಮ್ಮಿ ಆದರೆ ಭುಜದ ಅಳತೆಯೂ ಹಾಗೇ ಕುಣಿಯುತ್ತೆ. ಗಟ್ಟಿ ಫ್ರೇಮಿನಲ್ಲಿ ಈ ಕುಣಿತ ಕಮ್ಮಿ. ನನ್ನ ಮಟ್ಟಿಗೆ ಭಾರದ ಪ್ರೆಸ್ಸಿನ ನಿಜವಾದ ಲಾಭ ಇದು. .308 ನಿಮ್ಮ ಮುಖ್ಯ ಕ್ಯಾಲಿಬರ್ ಆದ್ದರಿಂದ ಬೀಡು ಕಬ್ಬಿಣದ ಓ-ಫ್ರೇಮ್ (ಸುತ್ತಲೂ ಮುಚ್ಚಿದ ಚೌಕಟ್ಟು) ತಗೊಳ್ಳಿ, ರಾಕ್ ಚಕ್ಕರ್ ಅಥವಾ ಲೀ ಕ್ಲಾಸಿಕ್ ಕಾಸ್ಟ್. ಮುಂದೆ ಬಾಯಿ ತೆರೆದಿರುವ ಸಿ-ಫ್ರೇಮ್ ಬೇಡ. ಅದು ಪ್ರೈಮರ್ ಕೀಳೋಕೆ, ಬುಲೆಟ್ ಕೂರಿಸೋಕೆ ಸರಿ.

ನಿಧಾನವೇ_ಸರಿ:

ಮೇಲಿನವರು ಹೇಳಿದ್ದು ಒಪ್ಪುತ್ತೇನೆ, ಆದರೆ ಚಾಲೆಂಜರ್‌ನ ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಅದೂ ಓ-ಫ್ರೇಮೇ. .223 ಮತ್ತು 9 ಎಂಎಂಗೆ ಧಾರಾಳ ಸಾಕು, .308 ಕೂಡ ಮಾಡುತ್ತೆ. ಡೈಯನ್ನು ಬುಶಿಂಗ್ ಅನ್ನುವ ಬಳೆಯಲ್ಲಿ ಹಾಕಿಟ್ಟರೆ ಸ್ವಲ್ಪ ತಿರುಗಿಸಿದರೆ ಕೂತುಬಿಡುತ್ತೆ, ಪ್ರತಿ ಸಲ ಥ್ರೆಡ್ ಸುತ್ತುವ ಕೆಲಸ ಇಲ್ಲ.

ನಾನು ಹೇಳಬೇಕಿರುವುದು ಬೇರೆ. ಸುಟ್ಟ ಪ್ರೈಮರ್ ಎಲ್ಲಿ ಬೀಳುತ್ತೆ ಅಂತ ನೋಡಿ ಪ್ರೆಸ್ ತಗೊಳ್ಳಿ. ಇದನ್ನು ಯಾರೂ ಕೇಳಲ್ಲ, ಒಂದು ವರ್ಷ ಆದಮೇಲೆ ಎಲ್ಲರೂ ಇದರ ಬಗ್ಗೆಯೇ ಗೊಣಗುತ್ತಾರೆ. ಪ್ರೈಮರ್ ಜೊತೆ ಬರುವ ಕಪ್ಪು ಮಸಿಯಲ್ಲಿ ನುಣ್ಣಗಿನ ಮರಳಿನಂಥ ಗಸಿ ಇರುತ್ತೆ. ಅದು ರ‍್ಯಾಮ್ ಮೇಲೆ ಬಿದ್ದು ಎಣ್ಣೆಗೆ ಅಂಟಿಕೊಂಡರೆ ರ‍್ಯಾಮನ್ನೂ ಅದರ ತೂತನ್ನೂ ಉಜ್ಜಿ ಸವೆಸುತ್ತೆ. ಮಾಮೂಲಿ ಪ್ರೈಮರ್‌ಗಳಲ್ಲಿ ಸೀಸದ ಅಂಶವೂ ಇದೆ, ಅಂದಮೇಲೆ ಆ ಪುಡಿ ಬೆಂಚಿನ ತುಂಬ ಹರಡುವುದು ನಿಮ್ಮ ಶ್ವಾಸಕ್ಕೂ ಒಳ್ಳೆಯದಲ್ಲ. ಕೆಲಸ ಮುಗಿದ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ, ಬೆಂಚಿನ ಹತ್ತಿರ ತಿನ್ನುವುದು ಕುಡಿಯುವುದು ಬೇಡ.

ಲೀ ಕ್ಲಾಸಿಕ್ ಕಾಸ್ಟ್‌ನಲ್ಲಿ, ರೆಡಿಂಗ್ ಬಿಗ್ ಬಾಸ್ 2ರಲ್ಲಿ ಪ್ರೈಮರ್ ಟೊಳ್ಳು ರ‍್ಯಾಮ್ ಒಳಗಿಂದಲೇ ಕೆಳಗಿಳಿಯುತ್ತೆ. ಕೋ-ಆಕ್ಸ್‌ನಲ್ಲೂ ನೇರ ಕೊಳವೆಯಲ್ಲಿ ಇಳಿದು ಡಬ್ಬಿಗೆ ಬೀಳುತ್ತೆ. ರಾಕ್ ಚಕ್ಕರ್ ಸುಪ್ರೀಂನಲ್ಲಿ ಮುಂದೆ ತಟ್ಟೆಗೆ ಬೀಳುತ್ತೆ, ಒಂದೊಂದು ಹೊರಗೂ ಹಾರುತ್ತೆ. ರಾಕ್ ಚಕ್ಕರ್ ಗಟ್ಟಿ ಪ್ರೆಸ್, ಅದರಲ್ಲಿ ಎರಡು ಮಾತಿಲ್ಲ. ಅದನ್ನೇ ತಗೊಂಡರೆ ಆಗಾಗ ರ‍್ಯಾಮ್ ಒರೆಸಿ ತೆಳ್ಳಗೆ ಎಣ್ಣೆ ಹಚ್ಚುತ್ತಿರಿ.

ಇನ್ನೊಂದು, ಬೆಂಚು. ಅಲುಗಾಡುವ ಮೇಜಿಗೆ ಯಾವ ಪ್ರೆಸ್ ಕೂರಿಸಿದರೂ ಪ್ರಯೋಜನ ಇಲ್ಲ. ಕ್ಲ್ಯಾಂಪ್ ಹಾಕಿ ಸುಮ್ನೆ ನಿಲ್ಲಿಸಬೇಡಿ. ಮೇಜಿನ ಕಾಲಿನ ಹತ್ತಿರ, ಅಂಚಿಗೆ ತಾಗಿ, ಕೆಳಗಡೆ ದಪ್ಪ ಪಟ್ಟಿ ಕೊಟ್ಟು ಬೋಲ್ಟ್ ಆರಪಾರ ಹಾಕಿ.

ನಿಖರ_308:

ಕೋ-ಆಕ್ಸ್ ಬಗ್ಗೆ ಯಾರೂ ಸರಿಯಾಗಿ ಹೇಳಿಲ್ಲ, ನಾನು ಹೇಳ್ತೀನಿ. ಅದರಲ್ಲಿ ಡೈಯನ್ನು ಥ್ರೆಡ್ ಸುತ್ತಿ ಬಿಗಿಯುವುದೇ ಇಲ್ಲ. ಲಾಕ್ ರಿಂಗ್ (ಡೈಯ ಸುತ್ತ ಬಿಗಿದ ಬಳೆ) ಹಿಡಿದು ಮುಂದಿನಿಂದ ಸೀಳಿಗೆ ಜಾರಿಸುತ್ತೀರಿ, ಅಲ್ಲಿ ಡೈ ಸ್ವಲ್ಪ ಆಡುತ್ತೆ. ಕೆಳಗೆ ಶೆಲ್ ಹೋಲ್ಡರ್ ಬದಲು ಕೇಸಿನ ಅಂಚು ಹಿಡಿಯುವ ದವಡೆಗಳಿವೆ. ಎರಡೂ ಕಡೆ ಆಟ ಇರುವುದರಿಂದ ಕೇಸೂ ಡೈಯೂ ತಾವೇ ಒಂದಕ್ಕೊಂದು ನೇರವಾಗುತ್ತವೆ. ಬುಲೆಟ್ ಓರೆ ಕೂರುವುದು ಕಮ್ಮಿಯಾಗಲಿ ಅನ್ನುವವರು ಇದನ್ನು ಹುಡುಕಿಕೊಂಡು ಹೋಗುವುದು ಅದಕ್ಕೇ.

ಆದರೂ ಇದನ್ನೇ ತಗೊಳ್ಳಿ ಅಂತ ಹೇಳಲ್ಲ. ಓರೆ ಬರುವುದಕ್ಕೆ ಬಹಳ ಸಲ ಕಾರಣ ಪ್ರೆಸ್ ಅಲ್ಲ. ಕೇಸಿನ ಕುತ್ತಿಗೆಯ ದಪ್ಪ ಒಂದು ಕಡೆ ಜಾಸ್ತಿ ಇರುತ್ತೆ, ಇಲ್ಲವೇ ಎಕ್ಸ್‌ಪ್ಯಾಂಡರ್ (ಕುತ್ತಿಗೆಯ ಒಳಗನ್ನು ಅಗಲಿಸುವ, ಡೈಯೊಳಗಿನ ಉಂಡೆ) ಕುತ್ತಿಗೆಯನ್ನು ಎಳೆದು ಓರೆ ಮಾಡಿರುತ್ತೆ. ಕುತ್ತಿಗೆಯ ಒಳಗೂ ಸ್ವಲ್ಪ ಲೂಬ್ (ಜಾರಲು ಹಚ್ಚುವ ಎಣ್ಣೆ) ಹಚ್ಚಿದರೇ ಎಷ್ಟೋ ಸರಿಹೋಗುತ್ತೆ. ಕೋ-ಆಕ್ಸ್ ಹ್ಯಾಂಡಲ್ ತಲೆಯ ಮೇಲಿಂದ ಬರುತ್ತೆ, ಅದಕ್ಕೆ ಮೇಲೆ ಜಾಗ ಬೇಕು, ಗೋಡೆಗೆ ಶೆಲ್ಫ್ ಇದ್ದರೆ ತಾಗುತ್ತೆ. ಲೀ ಡೈ ಜೊತೆ ಬರುವ ಓ-ರಿಂಗ್ ಲಾಕ್ ರಿಂಗ್ ಅದರಲ್ಲಿ ಸರಿಯಾಗಿ ಕೂರಲ್ಲ, ಬದಲಾಯಿಸಬೇಕು.

ಸೈಜಿಂಗ್ ಡೈ ಹೊಂದಿಸುವ ಲೆಕ್ಕ ಒಂದು ತಲೆಯಲ್ಲಿಟ್ಟುಕೊಳ್ಳಿ. ಇಂಚಿಗೆ 14 ಸುತ್ತು ಅಂದರೆ ಒಂದು ಸುತ್ತಿಗೆ ಡೈ ಸುಮಾರು 71 ಸಾವಿರಾಂಶ ಇಂಚು ಇಳಿಯುತ್ತೆ. ಬೋಲ್ಟ್ ಆಕ್ಷನ್‌ನಲ್ಲಿ ಭುಜವನ್ನು ಒಂದೆರಡು ಸಾವಿರಾಂಶ ಹಿಂದೆ ತಳ್ಳಿದರೆ ಸಾಕು. ಎರಡು ಸಾವಿರಾಂಶಕ್ಕೆ ತಿರುಗಿಸಬೇಕಾದದ್ದು ಸುಮಾರು 10 ಡಿಗ್ರಿ ಮಾತ್ರ! ಕೈಯಂದಾಜಿನಲ್ಲಿ ಕಾಲು ಸುತ್ತು ತಿರುಗಿಸಿ ನೋಡೋಣ ಅನ್ನುವವರು 18 ಸಾವಿರಾಂಶ ಇಳಿಸಿರುತ್ತಾರೆ. ಭುಜ ಅಷ್ಟು ಹಿಂದೆ ಹೋದ ಕೇಸು ಕೆಲವೇ ಸಲಕ್ಕೆ ತಳದ ಹತ್ತಿರ ತುಂಡಾಗುತ್ತೆ. ಇದನ್ನು ಅಳೆಯುವ ಕಂಪ್ಯಾರೇಟರ್ ಒಂದು ತಗೊಳ್ಳಿ, ಕೋ-ಆಕ್ಸ್‌ಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಆ ಕಡೆ ಹೋದರೆ ಗುರಿಯ ಮೇಲೆ ಹೆಚ್ಚು ಕಾಣುತ್ತೆ.

ಹೊಸ_ಕೈ:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಪ್ರೈಮರ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಕ್ಲಾಸಿಕ್ ಕಾಸ್ಟ್ ಕಡೆ ವಾಲಿದ್ದೇನೆ. ಟರೆಟ್ ಪ್ರೆಸ್ (ಹಲವು ಡೈ ಒಟ್ಟಿಗೆ ಕೂರುವ, ತಿರುಗುವ ತಲೆಯದ್ದು) ತಗೋ, ಡೈ ಬದಲಾಯಿಸುವ ರಗಳೆ ಇರಲ್ಲ ಅಂತ ಒಬ್ಬ ಸ್ನೇಹಿತ ಹೇಳ್ತಿದ್ದಾನೆ. ಎಡಗೈ ಪ್ರಶ್ನೆಗೂ ಯಾರಾದರೂ ಹೇಳಿ.

ಬೀಡು_ಬೆಂಚು:

ಕ್ಲಾಸಿಕ್ ಕಾಸ್ಟ್‌ನಲ್ಲೂ ರಾಕ್ ಚಕ್ಕರ್‌ನಲ್ಲೂ ಹ್ಯಾಂಡಲ್ ಬಲಕ್ಕೂ ಎಡಕ್ಕೂ ಹಾಕಬಹುದು. ಆದರೆ ಹಾಗೇ ಬಲಗಡೆ ಇಟ್ಟು ಒಂದಷ್ಟು ದಿನ ನೋಡಿ. ಬಲಗೈ ಎಳೆಯುತ್ತೆ, ನಿಮ್ಮ ಚುರುಕಾದ ಎಡಗೈ ಕೇಸ್ ಇಡುವುದು, ಬುಲೆಟ್ ನೇರ ಹಿಡಿಯುವುದು ಮಾಡುತ್ತೆ. ಅದು ನಿಮಗೆ ಅನುಕೂಲವೇ ಆಗಬಹುದು.

ಟರೆಟ್ ಕೆಟ್ಟದ್ದಲ್ಲ, 9 ಎಂಎಂ ಶುರುವಾದಾಗ ಯೋಚಿಸಿ. ಕಲಿಯುವಾಗ ಸಿಂಗಲ್ ಸ್ಟೇಜ್‌ನಲ್ಲಿ ಒಂದು ಒಳ್ಳೆಯದಿದೆ. ಒಂದು ಹಂತ ಎಲ್ಲ ಕೇಸಿಗೂ ಮುಗಿಸಿ ಮುಂದಿನದಕ್ಕೆ ಹೋಗುತ್ತೀರಿ. ಪೌಡರ್ ಹಾಕಿದ ಕೇಸುಗಳೆಲ್ಲ ಲೋಡಿಂಗ್ ಬ್ಲಾಕ್‌ನಲ್ಲಿ ಸಾಲಾಗಿ ನಿಂತಿರುತ್ತವೆ. ಬುಲೆಟ್ ಕೂರಿಸುವ ಮೊದಲು ಮೇಲಿಂದ ಟಾರ್ಚ್ ಹಿಡಿದು ಒಂದೊಂದರೊಳಗೂ ಇಣುಕಿ ನೋಡಬಹುದು. ಪಕ್ಕದವುಗಳಿಗಿಂತ ಮಟ್ಟ ಮೇಲಿದ್ದರೂ ಕೆಳಗಿದ್ದರೂ ತಕ್ಷಣ ಕಣ್ಣಿಗೆ ಹೊಡೆಯುತ್ತೆ, ಅದನ್ನು ಸುರಿದು ಮತ್ತೆ ತೂಗಿ. 9 ಎಂಎಂನಲ್ಲಿ ಇದು ಇನ್ನೂ ಮುಖ್ಯ. ಅದರ ಸಣ್ಣ ಪೌಡರ್ ಅಳತೆ ಎರಡು ಸಲ ಬಿದ್ದರೂ ಕೆಲವು ಪೌಡರ್‌ಗಳಲ್ಲಿ ಕೇಸು ಉಕ್ಕುವುದಿಲ್ಲ.

ನಿಧಾನವೇ_ಸರಿ:

ಲೂಬ್ ಮರೆಯಬೇಡಿ. ಪಿಸ್ತೂಲ್ ಕೇಸಿಗೆ ಕಾರ್ಬೈಡ್ ಡೈ ಇದ್ದರೆ ಲೂಬ್ ಇಲ್ಲದೆ ನಡೆಯುತ್ತೆ. .223, .308ಗೆ ಡೈ ಯಾವುದಾದರೂ ಲೂಬ್ ಬೇಕೇ ಬೇಕು. ಕಮ್ಮಿ ಆದರೆ ಕೇಸ್ ಡೈಯೊಳಗೆ ಸಿಕ್ಕಿಹಾಕಿಕೊಳ್ಳುತ್ತೆ, ಜಾಸ್ತಿ ಆದರೆ ಭುಜದ ಮೇಲೆ ತಗ್ಗು ಬೀಳುತ್ತೆ. ಎಳೆಯುವಾಗ ಕೈಗೆ ಮಾಮೂಲಿಗಿಂತ ಬಿಗಿ ಅನ್ನಿಸಿದರೆ ಜೋರು ಮಾಡಬೇಡಿ. ಅಲ್ಲೇ ನಿಲ್ಲಿಸಿ, ಕೇಸ್ ಇಳಿಸಿ, ಮತ್ತೆ ಲೂಬ್ ಹಚ್ಚಿ. ಕ್ಲಾಸಿಕ್ ಕಾಸ್ಟ್‌ನ ಉದ್ದ ಹಿಡಿಗೆ ಬಲ ಎಷ್ಟಿದೆ ಅಂದರೆ ಡೈಯೊಳಗೆ ಕೇಸ್ ಕಚ್ಚಿಕೊಂಡ ಮೇಲೂ ಅದು ಎಳೆಯುತ್ತಲೇ ಇರುತ್ತೆ, ಕೊನೆಗೆ ಕೇಸಿನ ಅಂಚು ಕಿತ್ತುಕೊಂಡು ಬರುತ್ತೆ.