ಹೊಸೂರಲ್ಲಿ ಗುರುತಿಲ್ಲದವರಿಗೆ ಸಹಾಯ ಮಾಡಲು ಹೋದರೆ ಹೆದರಿಕೊಳ್ಳುತ್ತಾರೆ, ಏನು ಮಾಡೋದು?

ತಾಳವಾಡಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ನನ್ನದು ತಾಳವಾಡಿ ಹತ್ತಿರದ ಹಳ್ಳಿ. ಈಗ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಅಲ್ಲೇ ಹತ್ತಿರ ಬಾಡಿಗೆ ರೂಮು.

ನಮ್ಮ ಕಡೆ ದಿಂಬಂ ಘಾಟಿಯ 27 ತಿರುವು ಹತ್ತುವಾಗ ಬಸ್ಸಲ್ಲಿ ಯಾರಿಗಾದರೂ ವಾಂತಿ ಬಂದರೆ ಪಕ್ಕದವರು ನಿಂಬೆಹಣ್ಣು ಕೊಡುತ್ತಾರೆ, ಮಗುವನ್ನು ಎತ್ತಿಕೊಳ್ಳುತ್ತಾರೆ. ಯಾರ ಮನೆಯವರು ಅಂತ ಕೇಳೋದು ಆಮೇಲೆ. ಇಲ್ಲಿ ಪಕ್ಕದ ರೂಮಿನವರ ಹೆಸರೂ ನನಗೆ ಗೊತ್ತಿಲ್ಲ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಒಡಿಶಾ ಕಡೆಯ ಹೆಂಗಸೊಬ್ಬಳು ಚೀಟಿ ಹಿಡಿದು ಹೋಗಿ ಬರುವವರನ್ನೆಲ್ಲ ಕೇಳುತ್ತಿದ್ದಳು. ಬಸ್ಸಿನ ಬೋರ್ಡು ತಮಿಳಿನಲ್ಲಿ, ಅವಳಿಗೆ ಓದಲು ಬಾರದು. ಒಬ್ಬರೂ ನಿಲ್ಲಲಿಲ್ಲ. ನಾನು ಹತ್ತಿರ ಹೋಗಿ ಬಸ್ ತೋರಿಸ್ತೀನಿ ಬನ್ನಿ ಅಂದೆ. ಅವಳು ಚೀಲ ಅವಚಿಕೊಂಡು ಹಿಂದೆ ಸರಿದಳು. ಅವಳನ್ನು ದೂರಲು ಮನಸ್ಸಿಲ್ಲ. ಹೊಸ ಊರು, ಒಬ್ಬಳೇ ಬಂದಿದ್ದಾಳೆ, ಯಾರನ್ನು ನಂಬುತ್ತಾಳೆ? ಆದರೆ ನಾನು ಈ ಊರಿನ ಹಾಗೆ ಆಗಬಾರದು ಅಂತ ಆಸೆ. ಎದುರಿನವರಿಗೆ ಭಯ ಆಗದಂತೆ, ನನಗೂ ತೊಂದರೆ ಆಗದಂತೆ ಸಹಾಯ ಮಾಡೋದು ಹೇಗೆ?

ಕುಂಬಳೆ ಅಂಗಡಿ:
ತಂಗೀ, ನನ್ನದು ಕಾಸರಗೋಡಿನಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಅಂಗಡಿ. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಕನ್ನಡ ಶಾಲೆಯಲ್ಲೇ ಓದಿದ ಎಷ್ಟೋ ಅಜ್ಜ ಅಜ್ಜಿಯರಿಗೆ ಇವತ್ತಿಗೂ ಮಲಯಾಳದ ಬೋರ್ಡು ಸಲೀಸಲ್ಲ. ಹಾಗಾಗಿ ದಿನಾ ಬೆಳಗ್ಗೆ ನನಗೆ ಇದೇ ಕೆಲಸ.

ನೋಡಿ ನೋಡಿ ತಿಳಿದದ್ದು ಹೇಳುತ್ತೇನೆ. ಕರೆದುಕೊಂಡು ಹೋಗಲು ನೋಡಬೇಡಿ. ಇದ್ದ ಜಾಗದಲ್ಲೇ ನಿಂತು, ಕೈ ತೋರಿಸಿ, ಅಲ್ಲಿ ನಿಂತಿದೆಯಲ್ಲ, ಆ ಬಸ್ಸು ಅನ್ನಿ. ಎರಡು ಹೆಜ್ಜೆ ದೂರ ಇರಲಿ. ಚೀಲ ಮುಟ್ಟಬೇಡಿ, ಹಿಡಿದುಕೊಳ್ಳಲಾ ಅಂತ ಕೇಳಿ, ಬೇಡ ಅಂದರೆ ಬಿಟ್ಟುಬಿಡಿ. ಆಮೇಲೆ ಕಂಡಕ್ಟರಿಗೆ, ಇವರನ್ನು ಇಂಥ ಸ್ಟಾಪಿನಲ್ಲಿ ಇಳಿಸಿ ಅಂತ ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಹೇಳಿ. ನಾಲ್ಕು ಜನ ಕೇಳಿಸಿಕೊಂಡರೆ ಅವರಿಗೆ ಧೈರ್ಯ ಬರುತ್ತದೆ. ನಿಮಗೂ ಅದು ಕ್ಷೇಮ.

ಇನ್ನೊಂದು. ಇಲ್ಲಿಂದ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವವರು ಜಾಸ್ತಿ. ಕೈಯಲ್ಲಿ ಎಕ್ಸ್‌ರೇ ಕವರು ಕಂಡರೆ ನಾನು ಏನಾಗಿದೆ ಅಂತ ಕೇಳುವುದಿಲ್ಲ, ಸ್ಟೂಲು ಹಾಕುತ್ತೇನೆ, ನೀರು ಕೊಡುತ್ತೇನೆ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಮಂಗಳೂರು ದಾರಿಯ ತಲಪಾಡಿ ಗಡಿ ಮುಚ್ಚಿದಾಗ ಕಾಯಿಲೆಯವರು ದಾಟಲಾಗದೆ ಒದ್ದಾಡಿದ್ದನ್ನು ಕಂಡವನು ನಾನು. ಆ ಕವರು ಹಿಡಿದವರನ್ನು ನಿಲ್ಲಿಸಿಕೊಂಡು ವ್ಯಾಪಾರ ಮಾಡಲು ಈಗಲೂ ಮನಸ್ಸು ಒಪ್ಪುವುದಿಲ್ಲ.

ನೈಟ್ ಶಿಫ್ಟ್:
ನಾನೂ ಹೊಸೂರಿನವನೇ. ಇಲ್ಲಿಯ ಜನ ಕೆಟ್ಟವರಲ್ಲ, ಮೂರು ಶಿಫ್ಟಿನಲ್ಲಿ ದಣಿದವರು. ಆದರೆ ಹೈವೇಯಲ್ಲಿ ಬೈಕ್ ಬಿದ್ದಾಗ ಸುಮ್ನೆ ನಿಂತು ವಿಡಿಯೋ ಮಾಡುತ್ತಾರಲ್ಲ, ಅದು ನನಗೆ ಸಹಿಸಲು ಆಗಲ್ಲ. ಕೇಳಿದರೆ ಪೊಲೀಸ್, ಕೋರ್ಟು ಅಂತ ಹೆದರಿಕೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿದೆ. ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ. ಹೆಸರು, ವಿಳಾಸ ಕೊಡಲೇಬೇಕು ಅಂತ ಒತ್ತಾಯವೂ ಮಾಡುವಂತಿಲ್ಲ. 108ಕ್ಕೆ ಫೋನ್ ಮಾಡಿ, ರಕ್ತ ಬರುವ ಕಡೆ ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ. ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿದೆ ಅನ್ನಿಸಿದರೆ ಎತ್ತಲು ಹೋಗಬೇಡಿ. ಇದನ್ನು ನಿಮ್ಮ ರೂಮಿನ ಹುಡುಗಿಯರಿಗೂ ಹೇಳಿ.

ಸೊಲ್ಲಾಪುರದ ಅಕ್ಕ:
ದುಡ್ಡು ಕೇಳುವವರ ವಿಷಯ ಯಾರೂ ಹೇಳಲಿಲ್ಲ. ಪರ್ಸ್ ಕಳೆದಿದೆ ಅನ್ನುವವರಿಗೆ ನಾನು ದುಡ್ಡು ಕೊಡೋದಿಲ್ಲ. ಊಟ ಕೊಡಿಸುತ್ತೇನೆ, ಇಲ್ಲವೇ ಟಿಕೆಟ್ ತೆಗೆದುಕೊಡುತ್ತೇನೆ. ಅವರು ನಿಜವಾಗಿ ಹಸಿದವರೋ ಅಲ್ಲವೋ ಅಂತ ವಿಚಾರಣೆ ಮಾಡೋದಿಲ್ಲ. ನಮ್ಮ ಅಕ್ಕಲಕೋಟೆಯ ಅನ್ನಛತ್ರದಲ್ಲಿ ಯಾವ ಊರು, ಯಾವ ಜಾತಿ ಅಂತ ಕೇಳಿ ಬಡಿಸುತ್ತಾರಾ? ಇಲ್ಲ ಅಲ್ವಾ. ಒಂಟಿ ಮಗು ಅಳುತ್ತಿದ್ದರೆ ಮಾತ್ರ ನೀನೇ ಎಲ್ಲಿಗೂ ಕರೆದುಕೊಂಡು ಹೋಗಬೇಡ. ಅಲ್ಲೇ ಜೊತೆಗೆ ನಿಂತು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು.

ತಾಳವಾಡಿ ಹುಡುಗಿ:
ಕುಂಬಳೆ ಅಣ್ಣ, ಕಂಡಕ್ಟರಿಗೆ ಜೋರಾಗಿ ಹೇಳೋದು ನನಗೆ ಹೊಳೆದೇ ಇರಲಿಲ್ಲ. 2021ರಿಂದ ಇಲ್ಲಿನ ಸಾಧಾರಣ ಟೌನ್ ಬಸ್ಸಲ್ಲಿ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಹೊರಗಿಂದ ಬಂದ ಎಷ್ಟೋ ಹೆಂಗಸರಿಗೆ ಅದು ಗೊತ್ತಿಲ್ಲದೆ ಶೇರ್ ಆಟೋಗೆ ದುಡ್ಡು ಸುರಿಯುತ್ತಾರೆ. ಮೊದಲು ಅದನ್ನೇ ಹೇಳುತ್ತೇನೆ. ಅಕ್ಕ, ನನಗೆ ಹಿಂದಿ ಬರಲ್ಲ. ಎಲ್ಲಿಗೆ ಹೋಗಬೇಕು ಅಂತ ಮರ್ಯಾದೆಯಿಂದ ಕೇಳೋದು ಹೇಗೆ?

ಸೊಲ್ಲಾಪುರದ ಅಕ್ಕ:
ದೀದೀ, ಆಪ್‌ಕೋ ಕಹಾಂ ಜಾನಾ ಹೈ? ಇಷ್ಟು ಸಾಕು. ದೀದೀ ಅಂತ ಮೊದಲು ಅನ್ನು.