ಕಣ್ಣು ಮುಚ್ಚಿ ಜಾಗ ಅರಿಯುವ ಚಟುವಟಿಕೆ: ಎಲ್ಲರೂ ಬರೀ 'ನುಣುಪು, ಒರಟು' ಅಂತಾರೆ, ಏನು ಮಾಡೋದು?

ಬರಿಗೈ:
ಹತ್ತು ಜನ, ಒಂದು ಗಂಟೆ. ಜಾಗ ಮೂರು: ಮೆಟ್ಟಿಲು, ಕಾರಿಡಾರ್, ಅಡುಗೆಮನೆ. ಕಣ್ಣಿಗೆ ಪಟ್ಟಿ ಕಟ್ಟಿ ಕೈ-ಕಿವಿಯಲ್ಲೇ ಜಾಗ ಅರಿಯಬೇಕು. ತೊಡಕು ಎರಡು. ಮುಟ್ಟಿದ್ದನ್ನು ಬರೆಯಿರಿ ಅಂದರೆ ನುಣುಪು, ಒರಟು, ತಣ್ಣಗೆ ಅನ್ನೋ ಮೂರೇ ಪದ. ಫೋನಿನಲ್ಲಿ ರೆಕಾರ್ಡ್ ಮಾಡಿದ ಚಪ್ಪಾಳೆ ಮೂರೂ ಕಡೆ ಒಂದೇ ಥರ ಕೇಳುತ್ತದೆ.

ತರಿತರಿ:
ಕೊರತೆ ಪದಗಳದ್ದಲ್ಲ, ಕೈಗೆ ಕೆಲಸ ಕೊಟ್ಟಿಲ್ಲ. ಕಾಗದದ ಮೇಲೆ ಬೆರಳು ಸುಮ್ಮನೆ ಇಟ್ಟರೆ ತರಿ ತಿಳಿಯುವುದಿಲ್ಲ. ಎಳೆದಾಗ ಚರ್ಮದಲ್ಲಿ ಏಳುವ ಕಂಪನದಿಂದ ತಿಳಿಯುತ್ತದೆ. ಯಾವ ಗುಣ ಅರಿಯಲು ಕೈ ಹೇಗೆ ಆಡುತ್ತದೆ ಅನ್ನುವುದನ್ನು ಮನೋವಿಜ್ಞಾನಿಗಳಾದ ಲೆಡರ್‌ಮನ್ ಮತ್ತು ಕ್ಲಾಟ್ಸ್‌ಕಿ 1987ರಲ್ಲೇ ವಿಂಗಡಿಸಿದ್ದಾರೆ: ಮೇಲ್ಮೈಗೆ ಸವರುವುದು, ಗಟ್ಟಿತನಕ್ಕೆ ಒತ್ತುವುದು, ಬಿಸಿ-ತಂಪಿಗೆ ಅಂಗೈ ಇಟ್ಟು ತಡೆಯುವುದು, ತೂಕಕ್ಕೆ ಎತ್ತಿ ಹಿಡಿಯುವುದು, ಆಕಾರಕ್ಕೆ ಅಂಚು ಹಿಡಿದು ಸಾಗುವುದು. ಹಾಗಾಗಿ ಚೀಟಿಯಲ್ಲಿ 'ಹೇಗಿದೆ?' ಅಂತ ಕೇಳಬೇಡಿ. 'ಸವರಿ', 'ಒತ್ತಿ', 'ಉಗುರಿನಿಂದ ಕೆರೆಯಿರಿ' ಅಂತ ಬರೆಯಿರಿ.

ಮೆಟ್ಟಿಲ ಕಂಬಿಯನ್ನೇ ತಗೊಳ್ಳಿ. ಮೇಲ್ಭಾಗ ಕೈಯಾಡಿ ಆಡಿ ನುಣ್ಣಗಾಗಿರುತ್ತದೆ. ಕೆಳಗಡೆ ಬೆರಳು ಹಾಯಿಸಿದರೆ ಬಣ್ಣ ಇಳಿದು ಗಟ್ಟಿಯಾದ ಹನಿಗಳು, ಬೆಸುಗೆಯ ಗಂಟು, ಬಣ್ಣ ಎದ್ದ ಕಡೆ ತುಕ್ಕಿನ ಪುಡಿ. ಒಂದೇ ಕಂಬಿ, ನಾಲ್ಕು ಮೇಲ್ಮೈ.

'ತಣ್ಣಗೆ' ಅನ್ನುವುದೂ ಮೋಸವೇ. ಒಂದೇ ಕೋಣೆಯ ಕಬ್ಬಿಣ, ಮರ ಎರಡರ ಉಷ್ಣತೆಯೂ ಒಂದೇ. ಕಬ್ಬಿಣ ಕೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಅಷ್ಟೆ. ಹತ್ತು ಸೆಕೆಂಡ್ ಅಂಗೈ ಇಡಿಸಿ: ಮರದ ತಂಪು ಇಳಿಯುತ್ತದೆ, ದಪ್ಪ ಕಬ್ಬಿಣದ್ದು ಅಷ್ಟು ಬೇಗ ಇಳಿಯುವುದಿಲ್ಲ. ಬೆವರಿದ ಬೆರಳು ಗಾಜಿನ ಮೇಲೂ ತಡೆಯುತ್ತದೆ, ಮೊದಲು ಕೈ ಒರೆಸಿಕೊಳ್ಳಲಿ.

ಗುಂಯ್:
ಸದ್ದಿನಲ್ಲಿ ತಪ್ಪು ಫೋನಿನದು. ಮಾತಿಗೆಂದು ಮಾಡಿದ ರೆಕಾರ್ಡರ್ ಗದ್ದಲ ಕಡಿಮೆ ಮಾಡಲು ಹೋಗಿ ಚಪ್ಪಾಳೆಯ ನಂತರದ ಅನುರಣನವನ್ನೂ (ಗೋಡೆಗಳಿಗೆ ಬಡಿದು ಮರಳಿ ಕೇಳುವ ಗುಂಯ್) ಅಳಿಸುತ್ತದೆ, ನಿಮಗೆ ಬೇಕಾದದ್ದೇ ಅದು. ನಾಯ್ಸ್ ರಿಡಕ್ಷನ್, ಆಟೊ ಗೇನ್ (ಸದ್ದಿನ ಮಟ್ಟವನ್ನು ಫೋನೇ ಏರಿಳಿಸುವುದು) ಎರಡನ್ನೂ ಆಫ್ ಮಾಡಲು ಬಿಡುವ ಆ್ಯಪ್ ಹಾಕಿ, ವೇವ್ ಫೈಲಿನಲ್ಲಿ ಉಳಿಸಿ. ಗೇನ್ ಮೂರೂ ಜಾಗದಲ್ಲಿ ಬದಲಾಗಬಾರದು. ಚಪ್ಪಾಳೆ ಒಬ್ಬೊಬ್ಬರದು ಒಂದೊಂದು ಥರ, ಅದರ ಬದಲು ಎರಡು ಮರದ ತುಂಡು ತಟ್ಟಿ. ಫೋನು 2-3 ಮೀಟರ್ ದೂರ ಇರಲಿ. ಹತ್ತಿರವಿದ್ದರೆ ತಟ್ಟಿದ್ದೇ ಕೇಳುತ್ತದೆ, ಕೋಣೆ ಕೇಳುವುದಿಲ್ಲ. ತಟ್ಟಿದ ಮೇಲೆ ಐದು ಸೆಕೆಂಡ್ ಯಾರೂ ಅಲುಗಬಾರದು.

ಕಾರಿಡಾರಿನ ಗುರುತು 'ಟ್ರ್‌ರ್‌ರ್' ಅನ್ನುವ ಬಾಲ. ಎದುರುಬದುರು ಗೋಡೆ 1.7 ಮೀಟರ್ ದೂರ ಇದ್ದರೆ ಸದ್ದು ಸೆಕೆಂಡಿಗೆ ಸುಮಾರು 200 ಸಲ ಗೋಡೆಗೆ ಬಡಿಯುತ್ತದೆ. ಸಾಮಾನು ತುಂಬಿದ ಅಡುಗೆಮನೆಯಲ್ಲಿ ಇದು ಚದುರಿಹೋಗುತ್ತದೆ.

ಬಿಲ್ಲೆ27:
ಮುಟ್ಟಿದ್ದನ್ನೇ ಕೇಳಿಸಬೇಕಾದರೆ 27 ಮಿ.ಮೀ. ಪೀಜೋ ಬಿಲ್ಲೆಯನ್ನು (ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ತೆಳು ಬಿಲ್ಲೆ) ಕಂಬಿಗೆ ಅಂಟಿಸಿ. ತೆಳು ಟೇಪ್ ಸಾಕು, ಫೋಮ್ ಟೇಪ್ ಚುರುಕಾದ ಸದ್ದನ್ನೆಲ್ಲ ನುಂಗುತ್ತದೆ. ನೇರ ಮೈಕ್ ಇನ್‌ಪುಟ್‌ಗೆ ಚುಚ್ಚಿದರೆ ತಗಡಿನ ಡಬ್ಬಿ ಬಡಿದ ಹಾಗೆ ಕೇಳುತ್ತದೆ: ಬಿಲ್ಲೆಗೆ ಸುಮಾರು 1 ಮೆಗಾಓಮ್ ವಿದ್ಯುತ್ ತಡೆಯ ಇನ್‌ಪುಟ್ ಬೇಕು, ಮೈಕಿನದು ಕೆಲವೇ ಕಿಲೋಓಮ್, ಮಂದ್ರವೆಲ್ಲ ಸೋರಿಹೋಗುತ್ತದೆ. ಗಿಟಾರ್ ಇನ್‌ಪುಟ್ ಇರುವ, ಸದ್ದನ್ನು ಕಂಪ್ಯೂಟರಿಗೆ ಕೊಡುವ ಇಂಟರ್‌ಫೇಸ್ ಆದರೆ ತೊಂದರೆಯಿಲ್ಲ. ಬಿಲ್ಲೆಗೆ ತಂತಿ ಬೆಸುಗೆ ಹಾಕುವಾಗ ಅದರ ಬಿಳಿ ಭಾಗಕ್ಕೆ ಕಾವು ಎರಡು ಸೆಕೆಂಡ್ ಮೀರದಿರಲಿ, ಬೆಳ್ಳಿ ಲೇಪ ಎದ್ದುಬರುತ್ತದೆ.

ಮೆತ್ತಗೆ:
ಮೆಟ್ಟಿಲಲ್ಲಿ ಪಟ್ಟಿ ಕಟ್ಟಿದವರಿಗೆ ತಲಾ ಒಬ್ಬ ಜೊತೆಗಾರ ಇರಲೇಬೇಕು. ಹತ್ತಿಸಿ, ಇಳಿಸಬೇಡಿ. ಒಲೆ ಆರಿ ತಣಿದಿದೆಯೇ ಅಂತ ಮೊದಲೇ ಮುಟ್ಟಿ ನೋಡಿ. ಇದನ್ನು 'ಅಂಧರ ಅನುಭವ' ಅಂತ ಮಾತ್ರ ಕರೆಯಬೇಡಿ. ಅವರದು ವರ್ಷಗಟ್ಟಲೆ ಪಳಗಿದ ಕೈ-ಕಿವಿ, ಒಂದು ಗಂಟೆಯ ತಡವರಿಕೆ ಅಲ್ಲ.

ಬರಿಗೈ:
ಬಿಲ್ಲೆ ಕಂಬಿಯ ಯಾವ ಜಾಗದಲ್ಲಿ?

ಬಿಲ್ಲೆ27:
ಕಂಬಿಯನ್ನು ಆಧಾರಕ್ಕೆ ಬೆಸೆದ ಕಡೆ ಬೇಡ, ಅಲ್ಲಿ ಕಂಬಿ ಅಲುಗುವುದೇ ಇಲ್ಲ. ಎರಡು ಆಧಾರಗಳ ಸರಿ ನಡುವೆಯೂ ಬೇಡ, ಕೆಲವು ಕಂಪನಕ್ಕೆ ಅದೇ ನಿಶ್ಚಲ ಬಿಂದು. ನಡುವಿನಿಂದ ಒಂದು ಗೇಣು ಆಚೆ ಅಂಟಿಸಿ.