ಕೆಡದ ಉಪಗ್ರಹವನ್ನು ಕೈಬಿಡುವುದೇಕೆ?

ರಾಜಾಜಿನಗರ ಕೇಬಲ್: ನಮ್ಮ ಕಂಟ್ರೋಲ್ ರೂಮಿನ ತಾರಸಿಯ ಮೇಲಿರುವ ಒಂದು ಡಿಶ್ಶನ್ನು ಬೇರೆ ಉಪಗ್ರಹದ ಕಡೆಗೆ ತಿರುಗಿಸಿಕೊಳ್ಳಬೇಕೆಂದು ಚಾನೆಲ್‌ನವರಿಂದ ಸೂಚನೆ ಬಂದಿದೆ, ಈಗಿರುವುದರ ಆಯಸ್ಸು ಮುಗಿಯಿತಂತೆ. ಮೀಟರ್ ಹಚ್ಚಿ ನೋಡಿದರೆ ಸಿಗ್ನಲ್ ಮೊದಲಿನಷ್ಟೇ ಗಟ್ಟಿಯಾಗಿದೆ. ಟ್ರಾನ್ಸ್‌ಪಾಂಡರ್‌ಗಳು (ಸಿಗ್ನಲ್ ಪಡೆದು ಮರಳಿ ಕಳಿಸುವ ಉಪಕರಣಗಳು) ಸರಿಯಾಗಿರುವಾಗ, ಹದಿನೈದು ವರ್ಷ ತುಂಬಿತೆಂಬ ಒಂದೇ ಕಾರಣಕ್ಕೆ ಅಷ್ಟು ದುಬಾರಿ ಯಂತ್ರವನ್ನು ಬಿಟ್ಟುಬಿಡುವುದು ದುಂದಲ್ಲವೇ?

ವಿಮಾನಪುರದ ನಿವೃತ್ತ: ವರ್ಷ ಎಣಿಸಿ ಯಾರೂ ಬಿಡುವುದಿಲ್ಲ ಸ್ವಾಮಿ, ಇಂಧನ ಎಣಿಸಿ ಬಿಡುತ್ತಾರೆ. 35,786 ಕಿ.ಮೀ. ಎತ್ತರದಲ್ಲಿ ಉಪಗ್ರಹ ತಾನಾಗಿಯೇ ಒಂದೆಡೆ ನಿಂತಿರುವುದಿಲ್ಲ. ಸೂರ್ಯ ಚಂದ್ರರ ಸೆಳೆತಕ್ಕೆ ಅದರ ಕಕ್ಷೆ ವರ್ಷಕ್ಕೆ ಒಂದು ಡಿಗ್ರಿಗೆ ತುಸು ಕಡಿಮೆ ಓರೆಯಾಗುತ್ತ ಹೋಗಿ, ಉಪಗ್ರಹ ದಿನವೂ ಉತ್ತರ-ದಕ್ಷಿಣಕ್ಕೆ ತೂಗಾಡತೊಡಗುತ್ತದೆ. ಅದನ್ನು ತಿದ್ದಲು ಪ್ರತಿ ವರ್ಷ ಸೆಕೆಂಡಿಗೆ ಸುಮಾರು 50 ಮೀಟರ್ ವೇಗಬದಲಾವಣೆಗೆ ಬೇಕಾಗುವಷ್ಟು ಇಂಧನ ಖರ್ಚಾಗುತ್ತದೆ. ಪೂರ್ವ-ಪಶ್ಚಿಮದ ಜಾರುವಿಕೆಗೆ ತಗಲುವುದು ಅತ್ಯಲ್ಪ. 1982ರ ಏಪ್ರಿಲ್‌ನಲ್ಲಿ ಮೇಲೇರಿದ ಭಾರತದ ಇನ್ಸಾಟ್-1ಎ, ಇಂಧನ ತೀರಿ ಆ ಸೆಪ್ಟೆಂಬರಿಗೇ ಕೈಬಿಟ್ಟಿತು.

ವಿಸ್ಯಾಟ್ ಜಯನಗರ: ಹಾಗಿದ್ದರೆ ಉತ್ತರ-ದಕ್ಷಿಣದ ತಿದ್ದುಪಡಿಯನ್ನೇ ನಿಲ್ಲಿಸಬಹುದಲ್ಲ? ಓರೆ ಕಕ್ಷೆಯಲ್ಲಿ ಹೀಗೆ ವರ್ಷಗಟ್ಟಲೆ ದುಡಿದ ಉಪಗ್ರಹಗಳು ಎಷ್ಟೋ ಇವೆ. ಹಡಗಿನ ಆಂಟೆನಾ ಹೇಗೂ ಉಪಗ್ರಹವನ್ನು ಹಿಂಬಾಲಿಸುತ್ತಲೇ ಇರುವುದರಿಂದ ಅಂಥ ಗಿರಾಕಿಗಳಿಗೆ ತೊಂದರೆಯಿಲ್ಲ.

ರಾಜಾಜಿನಗರ ಕೇಬಲ್: ನನಗಿದೆ! ನಮ್ಮ ಡಿಶ್ಶಿಗೆ ಮೋಟಾರಿಲ್ಲ. ಹಿಂಬದಿಯ ಬೋಲ್ಟ್ ಬಿಗಿಮಾಡಿದ ಮೇಲೆ ಅದು ನೋಡುವುದು ಒಂದೇ ದಿಕ್ಕು. ಮನೆಮನೆಯ ಡಿಟಿಎಚ್ ಡಿಶ್‌ಗಳ ಪಾಡೂ ಅಷ್ಟೇ.

ಬಂಡವಾಳದ ಲೆಕ್ಕ: ಮೂರನೆಯ ದಾರಿಯೊಂದು ಈಗಾಗಲೇ ಸಾಬೀತಾಗಿದೆ. 2001ರಲ್ಲಿ ಉಡಾಯಿಸಿದ ಇಂಟೆಲ್‌ಸ್ಯಾಟ್ 901ಕ್ಕೆ 2020ರ ಫೆಬ್ರವರಿಯಲ್ಲಿ ಎಂಇವಿ-1 ಎಂಬ ನೌಕೆ ಹೋಗಿ ಅಂಟಿಕೊಂಡು, ತನ್ನ ಎಂಜಿನ್ನಿನಿಂದಲೇ ಅದನ್ನು ಮತ್ತೆ ಸೇವೆಗೆ ತಂದಿತು. ಐದು ವರ್ಷ ದುಡಿಸಿಕೊಂಡು 2025ರಲ್ಲಿ ನಿವೃತ್ತರ ಕಕ್ಷೆಗೆ (ಕೆಲಸ ಮುಗಿದ ಉಪಗ್ರಹಗಳನ್ನು ಬಿಡುವ ಮೇಲಿನ ಕಕ್ಷೆಗೆ) ಮುಟ್ಟಿಸಿ ಬಿಡಿಸಿಕೊಂಡಿತು. ಹೊಸದನ್ನು ಕಟ್ಟಿ ಉಡಾಯಿಸುವ ಖರ್ಚನ್ನು ಅಷ್ಟು ಕಾಲ ಮುಂದೂಡುವುದು ಸಣ್ಣ ಲಾಭವಲ್ಲ.

ವಿಮಾನಪುರದ ನಿವೃತ್ತ: ಒಪ್ಪುತ್ತೇನೆ, ಆದರೆ ಆ ನೌಕೆ ಕೊಟ್ಟದ್ದು ಓಡಾಡುವ ಶಕ್ತಿಯನ್ನು ಮಾತ್ರ. ಸವೆದ ಸೌರಫಲಕ, ಪ್ರತಿ ವಿಷುವದ (ಹಗಲಿರುಳು ಸಮವಾಗುವ ದಿನದ) ಆಸುಪಾಸಿನಲ್ಲಿ ದಿನಕ್ಕೆ 72 ನಿಮಿಷದವರೆಗೆ ಭೂಮಿಯ ನೆರಳಿನ ಗ್ರಹಣ ದಾಟಿಸಿ ದಣಿದ ಬ್ಯಾಟರಿ ಇವೆಲ್ಲ ಹಳೆಯವೇ ಉಳಿಯುತ್ತವೆ. ಮೇಲಾಗಿ 2024ರ ನವೆಂಬರಿನಲ್ಲಿ ಹೋದ ಬ್ರಾಡ್‌ಬ್ಯಾಂಡ್ ಉಪಗ್ರಹ ಜಿಸ್ಯಾಟ್-ಎನ್2ರ ಸಾಮರ್ಥ್ಯ ಸೆಕೆಂಡಿಗೆ 48 ಗಿಗಾಬಿಟ್. ಅಂಥದ್ದರ ಎದುರು ಹಳೆಯ ಟ್ರಾನ್ಸ್‌ಪಾಂಡರ್ ಎಷ್ಟು ಗಟ್ಟಿಮುಟ್ಟಾಗಿದ್ದರೂ ಬ್ರಾಡ್‌ಬ್ಯಾಂಡ್ ಮಾರುವವರು ಅದನ್ನು ಕೇಳುವುದಿಲ್ಲ.

ಬಂಡವಾಳದ ಲೆಕ್ಕ: ಟಿವಿಯವರು ಕೇಳುತ್ತಾರೆ. ಬಾಡಿಗೆ ಬರುತ್ತಿರುವಾಗ ಕೊನೆಯ ಹನಿಯವರೆಗೂ ಓಡಿಸಬಾರದೇಕೆ?

ವಿಮಾನಪುರದ ನಿವೃತ್ತ: ಕೊನೆಯ ಹನಿ ಯಾವುದೆಂದು ತಿಳಿಯುವುದಿಲ್ಲವಾದ್ದರಿಂದ. ಸ್ಕೂಟರಿನ ಟ್ಯಾಂಕಿನಂತೆ ದ್ರವ ಅಲ್ಲಿ ತಳದಲ್ಲಿ ನಿಲ್ಲದು. ಎಂಜಿನ್ ಪ್ರತಿ ಬಾರಿ ಉರಿದಾಗ ಎಷ್ಟು ಹೋಯಿತೆಂದು ಬರೆದಿಟ್ಟು ಕಳೆಯಬೇಕು, ಟ್ಯಾಂಕಿನ ಒತ್ತಡ, ಉಷ್ಣಾಂಶಗಳಿಂದ ಅಂದಾಜಿಸಬೇಕು. ಇಂಧನ ಎಷ್ಟು ಕಡಿಮೆಯಾದರೆ ಅಂದಾಜಿನ ದೋಷ ಅಷ್ಟು ದೊಡ್ಡದಾಗಿ ಕಾಣುತ್ತದೆ. ಉಪಗ್ರಹವನ್ನು ಸುಮಾರು 300 ಕಿ.ಮೀ. ಮೇಲಿನ ಆ ನಿವೃತ್ತರ ಕಕ್ಷೆಗೆ ಒಯ್ದು ಬಿಡಲು, ಅದನ್ನು ತನ್ನ ಸ್ಥಾನದಲ್ಲಿ ಹಿಡಿದಿಡಲು ಸರಿಸುಮಾರು ಮೂರು ತಿಂಗಳಿಗೆ ತಗಲುವಷ್ಟು ಇಂಧನ ಬೇಕು. ಆ ಮೂರು ತಿಂಗಳ ಬಾಡಿಗೆಗೆ ಆಸೆಪಟ್ಟು ಉಪಗ್ರಹ ಅಲ್ಲಿಯೇ ಸತ್ತರೆ, ನೆರೆಯವರ ಉಪಗ್ರಹಗಳ ದಾರಿಯಲ್ಲಿ ಅದು ತಲೆಮಾರುಗಟ್ಟಲೆ ಅಲೆಯುತ್ತದೆ. ಹೋದವರಿಗೆ ಬಾಡಿಗೆ, ಇದ್ದವರಿಗೆ ಗಂಡಾಂತರ.

ವಿಸ್ಯಾಟ್ ಜಯನಗರ: ಹೊಸದನ್ನು ಹಳೆಯದರ ಸ್ಥಾನದಲ್ಲಿಯೇ ಇರಿಸಿದ್ದರೆ ರಾಜಾಜಿನಗರದವರು ಸ್ಪ್ಯಾನರ್ ಹಿಡಿಯಬೇಕಾಗಿರಲಿಲ್ಲ. ಗ್ರಾಹಕರ ತಕರಾರು ಅಲ್ಲಿರಬೇಕು, ನಿವೃತ್ತಿಯ ಬಗ್ಗೆ ಅಲ್ಲ.

ರಾಜಾಜಿನಗರ ಕೇಬಲ್: ಅದನ್ನೇ ಚಾನೆಲ್‌ನವರಿಗೆ ಬರೆಯುತ್ತೇನೆ. ಎರಡೂ ಉಪಗ್ರಹಗಳಲ್ಲಿ ಒಟ್ಟಿಗೆ ಪ್ರಸಾರ ಎಷ್ಟು ವಾರ ನಡೆಯುತ್ತದೆಂದೂ ಕೇಳಬೇಕು. ಅಷ್ಟರೊಳಗೆ ತಾರಸಿಯಲ್ಲಿ ಎರಡನೆಯ ಡಿಶ್ಶಿಗೆ ಜಾಗ ಮಾಡಿಕೊಳ್ಳುತ್ತೇನೆ.